ರಾಜಕುಮಾರನ ಉಡಿ

ಸಂಜೆ ಆರಕ್ಕೆ ಕಥೆ, ಆರೂವರೆಗೆ ಪಾಠ, ಎಂಟಕ್ಕೆ ಊಟ. ಶಾಲೆಯ ಮೈದಾನದಲ್ಲಿ ಮೂವತ್ತು ವರ್ಷ ಸೀಟಿ ಊದಿದವನು ನಾನು; ಸಿಂಧನೂರಿನ ನಮ್ಮ ಮನೆಯಲ್ಲಿ ಈಗಲೂ ಎಲ್ಲ ಗಡಿಯಾರ ನೋಡಿಯೇ.

ಎಂಟು ವರ್ಷದ ಮೊಮ್ಮಗಳು ಹೋದ ವರ್ಷ ಶಾಲೆಯ ಕಥೆ ಹೇಳುವ ಸ್ಪರ್ಧೆಯಲ್ಲಿ ಅರ್ಧಕ್ಕೇ ನಿಂತು, ಅಳುತ್ತ ವೇದಿಕೆ ಇಳಿದಿದ್ದಳು. ಈ ಸಲ ಹೆಸರು ಕೊಡಲು ಒಂದು ಷರತ್ತು ಹಾಕಿದಳು.

“ರಾಕ್ಷಸ ರಾಜಕುಮಾರನ್ನ ಹೊತ್ಕೊಂಡು ಹೋಗಬೇಕು. ರಾಜಕುಮಾರಿ ಕುದುರಿ ಹತ್ತಿ ಹೋಗಿ ಬಿಡಿಸ್ಕೊಂಡು ಬರಬೇಕು. ಪ್ರತೀಸಲ ಆಕಿನ್ನ ಯಾಕ ಕೂಡಿ ಹಾಕ್ತೀ ಅಜ್ಜಾ?”

ಸುಲಭವೆಂದುಕೊಂಡೆ. ಆದರೆ ನಾಲಗೆಗೆ ಹಳೆಯ ರೂಢಿ. ನಾನು “ಕುದುರೆ ಏರಿದ” ಎಂದಾಗಲೆಲ್ಲ ಆಕೆ ತೊಡೆ ಚಿವುಟಿ “ಏರಿದಳು” ಎಂದು ತಿದ್ದುತ್ತಿದ್ದಳು. ಏಳು ಸಮುದ್ರ ದಾಟುವಷ್ಟರಲ್ಲಿ ತೊಡೆ ಕೆಂಪಾಗಿತ್ತು.

ಕಥೆಯ ಕೊನೆಗೆ, ಮದುವೆಯ ಹತ್ತಿರ ಸಿಕ್ಕಿಹಾಕಿಕೊಂಡೆವು. ಗೆದ್ದವಳು ರಾಜಕುಮಾರಿ, ಅಂದಮೇಲೆ ತವರು ಬಿಟ್ಟು ಹೊರಡುವವನು ರಾಜಕುಮಾರ. ಅಡುಗೆಮನೆಯಿಂದ ನನ್ನ ಹೆಂಡತಿ ಕೇಳಿದಳು: “ಬರಿಗೈಲೆ ಕಳಸ್ತೀರೇನು ಅವನ್ನ? ಉಡಿ ತುಂಬ್ರಿ.”

ಗಂಡನ ಮನೆಗೆ ಹೊರಟ ಹೆಣ್ಣಿನ ಸೆರಗಿಗೆ ಏನೇನು ಹಾಕುತ್ತಾರೆಂದು ನಾನು ಯಾವತ್ತೂ ನಿಂತು ನೋಡಿರಲಿಲ್ಲ. ಹೆಂಡತಿ ಹೇಳಿಕೊಟ್ಟಳು, ಮೊಮ್ಮಗಳು ಬಾಯಿಪಾಠ ಮಾಡಿದಳು: ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಅಡಿಕೆ.

ಸ್ಪರ್ಧೆಯ ದಿನ ನಾನು, ಹೆಂಡತಿ ಎರಡನೇ ಸಾಲಿನಲ್ಲಿ ಕೂತೆವು. ರಾಕ್ಷಸ ಸತ್ತ, ಕುದುರೆ ತಿರುಗಿ ಬಂತು, ಎಲ್ಲ ಸರಾಗ. “ತಾಯಿ ಅಳುತ್ತ ರಾಜಕುಮಾರನ ಉಡಿ ತುಂಬಿದಳು” ಎಂದಳು ಮೊಮ್ಮಗಳು. ನಮ್ಮ ಹಿಂದೆ ಕೂತಿದ್ದ ಗೊರೇಬಾಳದ ರೈತನೊಬ್ಬ, ಯಾವುದೋ ಮಗುವಿನ ತಂದೆ, ಕೇಳಿಯೇ ಬಿಟ್ಟ.

“ಸೀರಿ ಇಲ್ಲ, ಸೆರಗಿಲ್ಲ. ಗಂಡಸಿಗೆ ಉಡಿ ಎಲ್ಲಿಂದ ಬರ್ತೈತಿ ತಂಗಿ?”

ಸಭೆ ನಕ್ಕಿತು. ಹೋದ ವರ್ಷದ ಹಾಗೆಯೇ ಆಕೆಯ ಮಾತು ಅರ್ಧಕ್ಕೇ ನಿಂತಿತು. ನನಗೆ ಬೆವರು ಬಿಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡೆ. ಆಕೆ ಅದನ್ನು ನೋಡಿದಳು.

“ಅಜ್ಜಾ, ಎದ್ದು ನಿಂದ್ರು. ಟವೆಲ್ ಹಿಡಿ.”

ಮೈದಾನದಲ್ಲಿ ಮಕ್ಕಳಿಗೆ ‘ಸಾವಧಾನ್’ ಹೇಳಿಯೇ ಗೊತ್ತಿದ್ದವನು, ಹೇಳಿಸಿಕೊಂಡು ಎದ್ದೆ. ಟವೆಲ್ಲಿನ ತುದಿಗಳನ್ನು ಸೆರಗೊಡ್ಡಿದಂತೆ ಹಿಡಿದು ನಿಂತೆ. ಆಕೆ ವೇದಿಕೆಯಿಂದ ಇಳಿದು ಬಂದು, ಇಲ್ಲದ ಅಕ್ಕಿಯನ್ನು ಹಿಡಿ ಹಿಡಿಯಾಗಿ ಸುರಿದಳು.

“ಸೋನಾಮಸೂರಿ ಹೌದಲ್ಲ?” ಎಂದ ರೈತ.

“ನಿಮ್ಮ ಹೊಲದ್ದೇ ರೀ. ತಡೀರಿ, ಕೊಬ್ಬರಿ ಹಾಕಾಕತ್ತೀನಿ.”

ಮತ್ತೆ ವೇದಿಕೆ ಹತ್ತಿ, ತಾನೇ ರಾಜಕುಮಾರಿಯಾಗಿ, ರಾಜಕುಮಾರನನ್ನು ಕುದುರೆಯ ಮೇಲೆ ಹಿಂದೆ ಕೂರಿಸಿಕೊಂಡಳು. “ಗಟ್ಟಿ ಹಿಡ್ಕೊಂಡು ಕುಂದ್ರು, ಅಕ್ಕಿ ಚೆಲ್ಲೀತು.” ಈ ಮಾತು ನಾನು ಕಲಿಸಿದ್ದಲ್ಲ. “ಇಷ್ಟ ರೀ ಕಥಿ” ಎಂದು ಕೈಮುಗಿದಳು.

ಚಪ್ಪಾಳೆ ನಿಂತ ಮೇಲೂ ನಾನು ಟವೆಲ್ ಹಿಡಿದೇ ನಿಂತಿದ್ದೆನಂತೆ. ಹೆಂಡತಿ ಅಂಗಿ ಜಗ್ಗಿ ಕೂರಿಸಿದಳು.