ಆರನೇ ಗುಂಡಿಯ ಹತ್ತಿರ ಕೊಟ್ಟ ಹೆಸರು

ಕಳೆದ ತಿಂಗಳು ಒಬ್ಬ ಮನುಷ್ಯನ ಕೆಲಸ ತೆಗೆದೆ. ಆಫೀಸಿನಲ್ಲಲ್ಲ, ಗಾಲ್ಫ್ ಮೈದಾನದಲ್ಲಿ. ಬೆಳಗ್ಗೆ ಏಳೂವರೆಗೆ, ಆರನೇ ಗುಂಡಿಯ ಹತ್ತಿರ ನಿಂತುಕೊಂಡು.

ಗಾಲ್ಫ್ ಅಂದ ತಕ್ಷಣ ನನ್ನನ್ನು ದೊಡ್ಡ ಕುಳ ಅಂದುಕೊಳ್ಳಬೇಡಿ. ಇದು ಹೈದರಾಬಾದಿನ ಒಳಗೇ ಇರುವ ಪುಟ್ಟ ಪಾರ್-ತ್ರೀ ಮೈದಾನ. ಒಂಬತ್ತೇ ಗುಂಡಿ. ಮೂರು ಹೊಡೆತದಲ್ಲಿ ಚೆಂಡು ಗುಂಡಿಗೆ ಬೀಳಬೇಕು ಅನ್ನುವುದು ನಿಯಮ. (ನನಗೆ ಆರು ಬೇಕು.) ಸುತ್ತ ಏಳುತ್ತಿರುವ ಗಾಜಿನ ಕಟ್ಟಡಗಳು, ಕ್ರೇನುಗಳು, ಸಿಮೆಂಟಿನ ಧೂಳು. ಒಂದೂವರೆ ಗಂಟೆಯಲ್ಲಿ ಆಟ ಮುಗಿಸಿ, ಇಡ್ಲಿ ತಿಂದು, ಹತ್ತು ಗಂಟೆಯ ಮೀಟಿಂಗಿಗೆ ಹಾಜರಾಗಬಹುದು. ಐಟಿಯವರಿಗೆ ಹೇಳಿ ಮಾಡಿಸಿದಂತಿದೆ.

ನನಗೆ ಈ ಆಟ ಇಷ್ಟವೇ? ಖಂಡಿತ ಇಲ್ಲ. ಇಷ್ಟ ಇರುವುದು ನನ್ನ ಬಾಸ್, ನಮ್ಮ ಡೆಲಿವರಿ ಹೆಡ್ ರಘುನಂದನ್‌ಗೆ. ಬೆಂಗಳೂರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. (ಆದರೂ 'ರಘು' ಅನ್ನಬೇಕು. ನಮ್ಮ ಕಂಪನಿಯಲ್ಲಿ 'ಸಾರ್' ಅನ್ನುವಂತಿಲ್ಲ, ಹೆದರುವುದಕ್ಕೆ ಮಾತ್ರ ಅಡ್ಡಿಯಿಲ್ಲ.) ಅವರು ಕರೆದರು, ಮೈಸೂರಿನವನಾದ ನಾನು ಹೋದೆ. ಆಮೇಲೆ ಪ್ರತಿ ಶುಕ್ರವಾರ ಬೆಳಗ್ಗೆ ಅದೇ ಆಯಿತು.

ಹೈದರಾಬಾದಿನಲ್ಲಿ ನಮ್ಮಂಥವರಿಗೆ ಒಂದು ಚಟವಿದೆ. ಎದುರಿಗಿರುವವರಿಗೆ ತಿಳಿಯಬಾರದ್ದನ್ನು ಕನ್ನಡದಲ್ಲಿ ಹೇಳುವುದು. ಸುಲ್ತಾನ್ ಬಜಾರಿನಲ್ಲಿ ನನ್ನ ಹೆಂಡತಿ ಬಟ್ಟೆ ಅಂಗಡಿಯವನ ಮುಂದೆಯೇ "ಒಗೆದರೆ ಬಣ್ಣ ಹೋಗತ್ತೆ, ನಡೀರಿ" ಅನ್ನುತ್ತಾಳೆ. ಆಫೀಸಿನ ಲಿಫ್ಟಿನಲ್ಲಿ ನಾವು ನಿರಾತಂಕವಾಗಿ ಪರನಿಂದೆ ಮಾಡುತ್ತೇವೆ. ಗಾಲ್ಫ್ ಮೈದಾನದಲ್ಲೂ ಹಾಗೇ. ಬ್ಯಾಗ್ ಹೊರುವ ಕ್ಯಾಡಿ ಒಬ್ಬರಿದ್ದರು, ಐವತ್ತು ದಾಟಿದವರು. 'ಚಾಚಾ' ಅನ್ನುತ್ತಿದ್ದೆವು. ಅವರ ಜೊತೆ ಹಿಂದಿ, ನಮ್ಮಿಬ್ಬರ ನಡುವೆ ಕನ್ನಡ.

ಆ ಶುಕ್ರವಾರ ರಘು ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಚೆಂಡು ಉರುಳುವ ದಾರಿ ನೋಡುತ್ತಿದ್ದರು.

"ರೇಟಿಂಗ್ ಇವತ್ತು ಸಂಜೆ ಕಳಿಸ್ಬೇಕು ಕಣೋ. ನಿನ್ ಟೀಮಿಂದ ಒಂದು ಹೆಸರು ಕೊಡು."

ಬೆಲ್ ಕರ್ವ್ ಗೊತ್ತಲ್ಲ? ಟೀಮಿನಲ್ಲಿ ಎಲ್ಲರೂ ಚೆನ್ನಾಗಿ ಕೆಲಸ ಮಾಡಿದರೂ ಒಬ್ಬರನ್ನು ಕೊನೆಯ ದರ್ಜೆಗೆ ತಳ್ಳಲೇಬೇಕು. ತಳ್ಳಿಸಿಕೊಂಡವರು ಮನೆಗೆ. ಊರು ತುಂಬ 'ಬೇಕಾಗಿದ್ದಾರೆ' ಬೋರ್ಡು ಇರುವ ಕಾಲದಲ್ಲೂ ಕೆಲಸ ಹೋಗುತ್ತದೆಯೇ? ಹೋಗುತ್ತದೆ ಸ್ವಾಮಿ.

"ಎಲ್ಲರೂ ಚೆನ್ನಾಗೇ ಮಾಡಿದ್ದಾರೆ ರಘು."

"ಗೊತ್ತಪ್ಪ. ನೀನು ಹೆಸರು ಕೊಡದಿದ್ರೆ ನಿನ್ನ ಹೆಸರೇ ಬರ್ಕೋಬೇಕಾಗತ್ತೆ" ಅಂದು ನಕ್ಕರು. ನಾನೂ ನಕ್ಕೆ.

"ಶ್ರೀಕಾಂತ್" ಅಂದೆ. (ಹೆಸರು ಬದಲಿಸಿದ್ದೇನೆ. ಅಷ್ಟಾದರೂ ಮರ್ಯಾದೆ ಬೇಡವೇ?)

"ಯಾಕೆ, ಏನ್ಮಾಡ್ದ?"

"ದಿನಾ ಐದೂವರೆಗೇ ಎದ್ದು ಹೋಗ್ತಾನೆ. ಹೆಂಡತಿಗೆ ಏಳು ತಿಂಗಳು. ಡಾಕ್ಟರು ಹಾಸಿಗೆ ಬಿಟ್ಟು ಏಳಲೇಬಾರದು ಅಂದಿದ್ದಾರಂತೆ. ಅಡುಗೆಯೆಲ್ಲ ಇವನೇ. ಹೆರಿಗೆಗೆ ಕಂಪನಿ ಇನ್ಶೂರೆನ್ಸೇ ಗತಿ ಅಂತಿದ್ದ."

"ಪಾಪ" ಅಂದರು ರಘು. ಚೆಂಡನ್ನು ಮೆಲ್ಲಗೆ ತಟ್ಟಿದರು. ಗುಂಡಿಗೆ ಬಿತ್ತು.

ಶ್ರೀಕಾಂತ್ ಅದನ್ನೆಲ್ಲ ನನ್ನನ್ನು ನಂಬಿ ಹೇಳಿಕೊಂಡಿದ್ದ. ಬೆಳಗಿನ ಜಾವ ಐದಕ್ಕೇ ಎದ್ದು, ಮನೆಯಿಂದಲೇ ಬಾಕಿ ಕೆಲಸ ಮುಗಿಸಿ ಕಳಿಸುತ್ತಿದ್ದ. ಈ ಕೊನೆಯ ಸಂಗತಿಯನ್ನು ಮಾತ್ರ ನಾನು ರಘುಗೆ ಹೇಳಲಿಲ್ಲ.

ಆಟ ಮುಗಿಯಿತು. ರಘು ಫೋನ್ ಹಿಡಿದು ಕಾರಿನ ಕಡೆ ನಡೆದರು. ಚಾಚಾ ಒದ್ದೆ ಬಟ್ಟೆಯಲ್ಲಿ ನನ್ನ ಗಾಲ್ಫ್ ಕೋಲುಗಳನ್ನು ಒರೆಸುತ್ತಿದ್ದವರು ತಲೆ ಎತ್ತದೆ ಹೇಳಿದರು:

"ಸಾಹೇಬ್ರ, ಒಂದ್ ಮಾತ್ ಹೇಳ್ಲೇನ್ರೀ? ಸಿಟ್ಟಾಗಬ್ಯಾಡ್ರಿ. ಆ ಹುಡುಗನ ಹೆಸರು ತೆಗದ್ ಬಿಡ್ರಿ. ಹೆಂಡ್ತಿ ಬಸರಿ ಅದಾಳ ಅಂದ್ರಲ್ಲ. ಈಗ ನೌಕ್ರಿ ಹೋದ್ರ ಭಾಳ ತ್ರಾಸ್ ಆಕೈತ್ರಿ."

ಶೂ ಬಿಚ್ಚಲು ಬಗ್ಗಿದ್ದವನು ತಲೆ ಎತ್ತಿದೆ. "ನಿಮಗೆ ಕನ್ನಡ ಬರುತ್ತಾ?"

"ನಮ್ದು ರಾಯಚೂರ ಕಡೇರಿ. ಮಲ್ಲಪ್ಪ ಅಂತ. ಇಲ್ಲೇ ಹೈದರಾಬಾದಿನ ಕುಷಾಯಿಗೂಡದಾಗ ಇಪ್ಪತ್ತು ವರ್ಷಾತು."

"ಮತ್ತೆ ಇಷ್ಟು ದಿನ ಹೇಳಲೇ ಇಲ್ಲವಲ್ಲ?"

"ನೀವು ಕೇಳಲಿಲ್ರಿ. ಹಿಂದಿ ಒಳಗ ಕೇಳಿದ್ರಿ, ಹಿಂದಿ ಒಳಗ ಹೇಳಿದ್ನಿ."

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಶ್ರೀಕಾಂತನ ಮುಖವನ್ನೇ ಕಾಣದ ಮನುಷ್ಯ ಅವನಿಗಾಗಿ ಬೇಡಿಕೊಳ್ಳುತ್ತಿದ್ದರು. ಎರಡು ವರ್ಷ ಅವನ ಡಬ್ಬಿಯ ಗೋಂಗೂರ ಚಟ್ನಿ ತಿಂದ ನಾನು ಶೂ ಲೇಸ್ ಬಿಚ್ಚುತ್ತಿದ್ದೆ. ನಾಚಿಕೆಯಾಯಿತು. "ನೋಡ್ತೀನಿ ಮಲ್ಲಪ್ಪ" ಅಂದೆ.

ನೋಡಿದೆ. ಸುಳ್ಳಲ್ಲ. ಸಂಜೆಯವರೆಗೂ ಸಮಯವಿತ್ತು. 'ಶ್ರೀಕಾಂತ್ ಬೇಡ' ಎಂದು ರಘುಗೆ ಮೇಲ್ ಟೈಪ್ ಮಾಡಿದೆ. ಬೇಡವಾದರೆ ಇನ್ಯಾರು? ಆ ಜಾಗಕ್ಕೆ ಒಂದು ಹೆಸರು ಬೇಕಲ್ಲ. ಒಬ್ಬೊಬ್ಬರ ಕುರ್ಚಿಯ ಕಡೆ ಕಣ್ಣು ಹಾಯಿಸಿದೆ. ಕೊನೆಗೆ ಉಳಿದದ್ದು ನನ್ನ ಕುರ್ಚಿಯೊಂದೇ. ಮೇಲ್ ಅಳಿಸಿದೆ.

ಎರಡು ವಾರಕ್ಕೆ ಎಚ್‌ಆರ್‌ನವರು ಶ್ರೀಕಾಂತನನ್ನು ಕರೆದರು. ಹೊರಗೆ ಬಂದಾಗ ಅವನ ಕುತ್ತಿಗೆಯಲ್ಲಿ ಐಡಿ ಕಾರ್ಡ್ ಇರಲಿಲ್ಲ. ನೇರ ನನ್ನ ಹತ್ತಿರ ಬಂದು, "ಅಣ್ಣಾ, ಮೇರಾ ನಾಮ್ ಕಿಸ್ನೆ ದಿಯಾ?" ಅಂದ. ಹೆಸರು ಕೊಟ್ಟಿದ್ದು ಯಾರು? "ಮೇಲಿಂದ ಬಂತಂತೆ" ಅಂತ ಹಿಂದಿಯಲ್ಲಿ ಹೇಳಿದೆ. ಅವನು ನಂಬಿದ. ಕೈ ಕುಲುಕಿ ಹೋದ.

ಆಮೇಲೆ ಬೆನ್ನುನೋವಿನ ನೆಪ ಹೇಳಿ ಮೈದಾನದ ಕಡೆ ತಲೆ ಹಾಕಲಿಲ್ಲ. ಎಷ್ಟು ದಿನ ತಪ್ಪಿಸಿಕೊಳ್ಳಲಿ? ಮೊನ್ನೆ ರಘು ಎಳೆದುಕೊಂಡು ಹೋದರು. ರಘುಗೆ ಕೇಳಿಸದಂತೆ ಮಲ್ಲಪ್ಪ ನನ್ನ ಪಕ್ಕಕ್ಕೆ ಬಂದರು.

"ಆ ಹುಡುಗನ ನೌಕ್ರಿ ಏನಾತ್ರೀ ಸಾಹೇಬ್ರ?"

ಅವರ ಮುಖ ನೋಡಿದೆ. ಬಾಯಿಗೆ ಬಂದದ್ದು ಒಂದೇ ಮಾತು.

"ಉಳೀತು."

ಮಲ್ಲಪ್ಪನವರ ಕಣ್ಣು ತುಂಬಿತು. ಬ್ಯಾಗ್ ಕೆಳಗಿಟ್ಟು ಎರಡೂ ಕೈ ಜೋಡಿಸಿದರು. "ಭಾಳ ಪುಣ್ಯದ ಕೆಲಸ ಮಾಡಿದ್ರಿ. ನಿಮ್ ಹೊಟ್ಟಿ ತಣ್ಣಗಿರ್ಲಿ. ನಿಮ್ ಮಕ್ಳು ಚಂದಾಗಿರ್ಲಿ."

ನನಗೆ ಐದು ವರ್ಷದ ಮಗಳಿದ್ದಾಳೆ. ಈ ಹಾರೈಕೆಯನ್ನು ಯಾವ ಮುಖ ಇಟ್ಟುಕೊಂಡು ಅವಳ ಬಳಿಗೆ ಒಯ್ಯಲಿ, ಹೇಳಿ?