ತಾರವ್ವನ ಹೊಸ ಮೆಟ್ಟಿಲು

ಜಮಖಂಡಿಯಲ್ಲಿ ನರ್ಸ್ ಆಗಿದ್ದ ತಾರವ್ವನಿಗೆ ತನ್ನ ಮನೆಯ ಮುಂಬಾಗಿಲೆಂದರೆ ಮೊದಲಿನಿಂದಲೂ ಸಂಕೋಚ. ಏಕೀಕರಣವಾದ ಮರುವರ್ಷ ಮಾವ ಕಟ್ಟಿಸಿದ ಮನೆ. ಗೋಡೆ ಗಟ್ಟಿ, ಬಾಗಿಲು ಗಿಡ್ಡ. ಬಂದವರು ತಲೆ ಬಗ್ಗಿಸಿ ಕತ್ತಲೆಗೆ ಕಾಲಿಡಬೇಕು. ಜೊತೆಯ ನರ್ಸುಗಳನ್ನು ಅವಳು ಒಮ್ಮೆಯೂ ಊಟಕ್ಕೆ ಕರೆದಿರಲಿಲ್ಲ.

ಎಂಬತ್ನಾಲ್ಕರಲ್ಲಿ ಅವಳೂ, ಪೋಸ್ಟಿನಲ್ಲಿದ್ದ ಗಂಡ ಪರಸಪ್ಪನೂ ಕೂಡಿ ಮನೆ ರಿಪೇರಿಗೆ ಕೈಹಾಕಿದರು. ಬಾಗಿಲು ಎತ್ತರವಾಯಿತು, ಪಡಸಾಲೆಗೆ ಬೆಳಕು ಬಂತು. ಬೀದಿಯಿಂದ ಹತ್ತಿ ಬರಲು ಅಗಲವಾದ ಮೊಸಾಯಿಕ್ ಮೆಟ್ಟಿಲುಗಳಾದವು. ಗೌಂಡಿ ಸಾಕೆಂದರೂ ಬಿಡದೆ ಮತ್ತೊಂದು ಸಲ ಪಾಲಿಶ್ ಹೊಡೆಸಿದಳು.

ಮನೆಶಾಂತಿಯ ಹಿಂದಿನ ದಿನ ಬೆಳಿಗ್ಗೆ ಮೆಟ್ಟಿಲು ತೊಳೆಯುವಾಗ ಅವಳೇ ಜಾರಿದಳು. ಚೌಕಟ್ಟು ಹಿಡಿದು ನಿಂತು, ಯಾರಾದರೂ ನೋಡಿದರೇನೋ ಎಂದು ಬೀದಿಯ ಕಡೆ ಕಣ್ಣಾಡಿಸಿದಳು. ಉಳಿಯಿಂದ ಕಚ್ಚು ಹಾಕಿಸಿದರೆ ಜಾರುವುದಿಲ್ಲ, ಆದರೆ ಹೊಳಪು ಹೋಗುತ್ತದೆ. ಶಾಂತಿ ಮುಗಿಯಲಿ, ಮಂದಿ ನೋಡಲಿ, ಆಮೇಲೆ ನೋಡೋಣ ಅಂದುಕೊಂಡಳು.

ಸಂಜೆ ರನ್ನ ಬೆಳಗಲಿಯಿಂದ ಅಕ್ಕ ಕರೆವ್ವ ಬಂದಳು. ಕುರಿಯ ಹಿಂದೆ ತಿರುಗಿದ ಜೀವ. ಸೆರಗಿನಲ್ಲಿ ಬೀರಪ್ಪನ ಗುಡಿಯ ಅರಿಸಿನ ಭಂಡಾರ, ಬಗಲಲ್ಲಿ ತಂಗಿಗೆಂದು ನೇಯಿಸಿದ ಕಂಬಳಿ.

"ಅಯ್ಯ, ಅರಮನಿ ಮಾಡಿಯಲ್ಲ ತಾರಿ!"

"ಮ್ಯಾಲ ಬಾ ಅಕ್ಕಾ, ಅಲ್ಲೇ ಕಾಲಿಗೆ ನೀರ ಹಾಕತೇನಿ."

ಮೇಲಿನ ಮೆಟ್ಟಿಲ ಮೇಲೆಯೇ ನೀರು ಹಾಕಿದಳು. ಕರೆವ್ವ ಒಂದು ಹೆಜ್ಜೆ ಎತ್ತಿದ್ದೇ ತಡ, ಕೆಳಗಿನವರೆಗೂ ಉರುಳಿದಳು. ಭಂಡಾರ ಮೆಟ್ಟಿಲ ತುಂಬ ಚೆಲ್ಲಿತು. ಮೊಣಕಾಲ ಕೆಳಗಿನ ಎಲುಬು ಮುರಿದಿದ್ದು ತಾರವ್ವನಿಗೆ ಮುಟ್ಟಿದ ಕೂಡಲೇ ತಿಳಿಯಿತು.

ಮರುದಿನ ಪ್ಲಾಸ್ಟರ್ ಹಾಕಿದ ಕಾಲು ಚಾಚಿಕೊಂಡು ಕರೆವ್ವ ಹೊಸ ಪಡಸಾಲೆಯಲ್ಲೇ ಮಲಗಿದ್ದಳು. ಬಂದವರೆಲ್ಲ ಕೇಳಿದರು.

"ಬಸ್ಸಿಂದ ಇಳಿಯಾಗ ಬಿದ್ನಿರಿ," ಅಂದಳು ಕರೆವ್ವ.

ಪಕ್ಕದ ಮನೆಯ ಲಕ್ಷ್ಮವ್ವ ಡ್ರೈವರನನ್ನು ಮನಸಾರೆ ಬೈದಳು. ಆಮೇಲೆ, "ಮೆಟ್ಟಲಾ ಭಾಳ ಛಲೋ ಆಗ್ಯಾವ ನೋಡ್ರಿ ತಾರವ್ವಾರ," ಅಂದಳು. ತಾರವ್ವ ತಲೆ ಎತ್ತದೆ ಅವಳ ಎಲೆಗೆ ಹೋಳಿಗೆ ಬಡಿಸಿದಳು.

ಮಂದಿ ಹೋದ ಮೇಲೆ ಅಕ್ಕನ ಹತ್ತಿರ ಕೂತಳು. "ಯಾಕ ಸುಳ್ಳ ಹೇಳಿದಿ?"

"ಹೊಸ ಮನಿ. ಶಾಂತಿ ಹಿಂದಿನ ದಿನಾನ ಹಿಂಗಾತು ಅಂದ್ರ ಮಂದಿ ಒಂದಕ್ಕ ಎರಡ ಹೇಳತಾರ. ನಿನ್ನ ಮನಿ ಹೆಸರು ಯಾಕ ಕೆಡಬೇಕು?"

ತಾರವ್ವನಿಗೆ ತಡೆಯಲಾಗಲಿಲ್ಲ. "ಅಕ್ಕಾ, ನಿನ್ನೆ ಮುಂಜಾನಿ ನಾನೂ ಅಲ್ಲೇ ಜಾರಿದ್ನಿ."

ಕರೆವ್ವ ಅವಳನ್ನೇ ನೋಡಿದಳು. "ಗೊತ್ತಿದ್ದೂ ನೀರ ಹಾಕಿದೇನ?"

ಕರೆವ್ವ ತನ್ನ ಮಗ ಲಗಮಪ್ಪನಿಗೆ ಹೇಳಿಕಳಿಸಿ, ಮರುದಿನವೇ ಟೆಂಪೋದಲ್ಲಿ ಊರಿಗೆ ಹೋದಳು. ಕಂಬಳಿ ಬಿಚ್ಚದೆ ಹಾಗೆಯೇ ಗೋಡೆಗೆ ಒರಗಿತ್ತು.

ತಾರವ್ವ ಗೌಂಡಿಯನ್ನು ಕರೆಸಿ ಮೆಟ್ಟಿಲಿಗೆಲ್ಲ ಕಚ್ಚು ಹಾಕಿಸಿದಳು. ಉಳಿಯ ಸಪ್ಪಳ ಕೇಳಿ ಲಕ್ಷ್ಮವ್ವ ಓಡಿಬಂದಳು. "ಯಾಕ್ರೀ ಕೆಡಸಾಕತ್ತೀರಿ?"

"ನಮ್ಮಕ್ಕ ಬಿದ್ದಿದ್ದು ಬಸ್ಸಿಂದ ಅಲ್ರೀ, ಇಲ್ಲೇ. ಜಾರತೈತಿ ಅಂತ ನನಗ ಗೊತ್ತಿತ್ತು."

ಅಂದ ಮೇಲಾದರೂ ಮನಸ್ಸು ಹಗುರಾದೀತೆಂದು ಕಾದಳು. ಆಗಲಿಲ್ಲ. ಕರೆವ್ವನ ಕಾಲು ಸೊಟ್ಟಗೆ ಕೂಡಿತು. ಕುರಿಯ ಹಿಂದೆ ಹೋಗುವುದು ನಿಂತೇ ಹೋಯಿತು.

ದೀಪಾವಳಿಗೆ ಅವಳು ಕೋಲೂರಿಕೊಂಡು ಬಂದಳು. ತಾರವ್ವ ಮುಂದೆ ಕಾಯುತ್ತಿದ್ದರೆ, ದನಿ ಕೇಳಿಸಿದ್ದು ಹಿತ್ತಲಿನಿಂದ.

"ಈ ಕಡೆ ಮೆಟ್ಟಲಾ ಇಲ್ಲಲ್ಲ, ಅದಕ್ಕ ಬಂದ್ನಿ," ಅಂದಳು ಕರೆವ್ವ. ಸಿಟ್ಟಿನಿಂದೇನಲ್ಲ.

ತಾರವ್ವ ಹಿತ್ತಲ ಬಾಗಿಲು ಪೂರ್ತಿ ತೆರೆದು, ಅಕ್ಕನ ತೋಳು ಹಿಡಿದುಕೊಂಡಳು. ಮುಖ ನೋಡುವುದಾಗಲಿಲ್ಲ.