ಐದು ಮೇಜು ಹತ್ತಲಾರದ ಮಾತು

ಬೆಳಗಿನ ಐದೂವರೆ. ಮಹಲ್ಲಾ ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಗಿರಣಿಯಲ್ಲಿ ಯಂತ್ರಗಳಿನ್ನೂ ಎದ್ದಿಲ್ಲ, ಬೈಯೂಮಿಯವರ ಒಲೆ ಮಾತ್ರ ಹತ್ತಿದೆ. ಐವತ್ತೇಳರ ಬೈಯೂಮಿ ಇಲ್ಲಿ ಚಹಾ ಕೊಡುವವರು. ಲೋಟಗಳಿಗೆ ಪುದೀನ ಹರಿದು ಹಾಕುತ್ತಾ ಹೇಳುತ್ತಾರೆ: "ಯಾರಿಗೆ ಎಷ್ಟು ಸಕ್ಕರೆ ಅಂತ ಅವರ ಹೆಂಡ್ತೀರಿಗೂ ಗೊತ್ತಿಲ್ಲ. ನನ್ನ ಕೇಳಿ."

ಇಪ್ಪತ್ತಾರು ವರ್ಷದಿಂದ ದಿನಕ್ಕೆ ಮುನ್ನೂರು ಲೋಟ, ನಾಲ್ಕು ಮಹಡಿ. ಲಿಫ್ಟು ದೊಡ್ಡವರಿಗೆ, ಇವರಿಗೆ ಮೆಟ್ಟಿಲು. ಮಂಡಿ ಸವೆದುಹೋಗಿದೆ. ಆದರೂ ಇಲ್ಲಿ ಯಾವ ಬಾಗಿಲನ್ನೂ ತಟ್ಟದೆ ಒಳಹೋಗುವವರು ಇವರೊಬ್ಬರೇ. ಮಿಕ್ಕವರ ಮಾತು ಮೇಲ್ವಿಚಾರಕನಿಂದ ನಿರ್ದೇಶಕರವರೆಗೆ ಐದು ಮೇಜು ಹತ್ತಬೇಕು. ಅಷ್ಟರಲ್ಲಿ ಮಾತು ಹಳಸಿರುತ್ತದೆ, ಹೇಳಿದವನ ಹೆಸರು ದಾರಿಯಲ್ಲೇ ಉದುರಿರುತ್ತದೆ.

ಹಾಗೆ ಹೆಸರು ಕಳೆದುಕೊಂಡವನು ಬಣ್ಣದ ತೊಟ್ಟಿಯ ಕೆಲಸಗಾರ ವಹ್ದಾನ್. ತೊಟ್ಟಿ ತೊಳೆಯುವ ನೀರು ಉಳಿಸುವ ಉಪಾಯ ಅವನದು. ಸನ್ಮಾನದ ಫಲಕ ಸಿಕ್ಕಿದ್ದು ವಿಭಾಗದ ಮುಖ್ಯಸ್ಥನಿಗೆ! ಅಂದಿನಿಂದ ವಹ್ದಾನ್ ಬಾಯಿಗೆ ಬೀಗ ಹಾಕಿಕೊಂಡ.

ಕಳೆದ ಚಳಿಗಾಲದಲ್ಲಿ ಹೊಸ ಬಾವಿಯ ನೀರು ಬಂತು. ಕಡುನೀಲಿ ಬಟ್ಟೆಯ ಮೇಲೆ ಕಲೆ ಕಲೆ. ನೀರಿನದೇ ತಪ್ಪೆಂದು ವಹ್ದಾನ್‌ಗೆ ಮೊದಲ ದಿನವೇ ಗೊತ್ತಾಗಿತ್ತು. ಹೇಳಿದ್ದು ಬೈಯೂಮಿಗೆ ಮಾತ್ರ. "ಮೇಲೆ ಹೇಳಿ ಏನು ಸಿಗುತ್ತೆ ಚಿಕ್ಕಪ್ಪ? ಆ ಮುಖ್ಯಸ್ಥನ ಗೋಡೆಗೆ ಇನ್ನೊಂದು ಫಲಕ!"

ಕೊಂಡವರಿಂದ ಎರಡು ಲಾರಿ ಬಟ್ಟೆ ವಾಪಸ್ ಬಂತು. ಮೂರನೆಯದೂ ಬಂದರೆ ಬಣ್ಣದ ವಿಭಾಗಕ್ಕೇ ಬೀಗ ಎಂದು ಸುದ್ದಿ ಹಬ್ಬಿತು. ಮೇಲೆ ಹೋಗಿ ಹೇಳಿಬಿಡೋಣ ಎನಿಸಿತು ಬೈಯೂಮಿಗೆ. ಆದರೆ ನಿರ್ದೇಶಕ ರಾಫತ್ ಹಿಂದೊಮ್ಮೆ ಇವರನ್ನು ಎಚ್ಚರಿಸಿದ್ದರು: ಟ್ರೇ ಹೊರು, ಮಾತು ಹೊರಬೇಡ, ಹೊತ್ತರೆ ಕೆಲಸ ಹೋಯಿತು. ಪಿಂಚಣಿಗೆ ಇನ್ನು ಮೂರೇ ವರ್ಷ.

ಮರುದಿನ ಬೆಳಿಗ್ಗೆ ಟ್ರೇ ಮಹಡಿ ಹತ್ತಲೇ ಇಲ್ಲ. ಫೋನು ಬಡಿದುಕೊಂಡಿತು, ರಾಫತ್ ಅವರದು.

"ಚಹಾ ಎಲ್ಲಯ್ಯಾ?"

"ತೊಟ್ಟಿ ಹತ್ರ ಇದೆ ಸಾಹೇಬ್ರೇ. ಮಾತು ಹೊರಬೇಡ ಅಂದಿದ್ರಲ್ಲ, ಹೊತ್ತಿಲ್ಲ. ನೀವೇ ಇಳಿದು ಬನ್ನಿ."

ರಾಫತ್ ಕೆಂಡವಾಗಿ ಇಳಿದರು. ಆದರೆ ಬಗ್ಗಿಸಿ ಮುಂದಿಟ್ಟ ಚಹಾ ತಳ್ಳಿ ಹೋಗುವುದು ಮಹಲ್ಲಾದಲ್ಲಿ ಮುಖಕ್ಕೆ ಹೊಡೆದಂತೆ. ಬೋರಲು ಹಾಕಿದ ಡ್ರಮ್ಮಿನ ಮೇಲೆ ಕೂತರು. ವಹ್ದಾನ್ ತೊಟ್ಟಿ ಉಜ್ಜುತ್ತಲೇ ಇದ್ದ.

"ಬಾಯಿ ಬಿಡೋ ಮಾರಾಯ," ಬೈಯೂಮಿ ಗದರಿದರು. "ನನ್ನ ಪಿಂಚಣಿ ನಿನ್ನ ನಾಲಿಗೆ ಮೇಲೆ ಕೂತಿದೆ!"

ವಹ್ದಾನ್ ಹೇಳಿದ, ನೀರಿನ ಮಾತೂ ಫಲಕದ ಮಾತೂ. ಸಾಹೇಬರು ಎರಡು ಲೋಟ ಖಾಲಿ ಮಾಡಿದರು. ಸಂಜೆಯೊಳಗೆ ಹಳೆಯ ಬಾವಿಯ ನೀರು ತಿರುಗಿ ಬಂತು.

ಈಗ ಪ್ರತಿ ಶನಿವಾರ ರಾಫತ್ ಅವರ ಚಹಾ ತೊಟ್ಟಿಯ ಬಳಿಯೇ. ಯಾರು ಯಾರ ಕೈಕೆಳಗೆ ಎಂದು ಚೌಕ ಚೌಕವಾಗಿ ಬರೆದ ನಕ್ಷೆಯಲ್ಲಿ ಬೈಯೂಮಿಗೂ ಒಂದು ಚೌಕ ಹಾಕಿಸುತ್ತೇನೆಂದು ಅವರು ಹೇಳಿದ್ದುಂಟು. ಬೈಯೂಮಿ ಬೇಡವೆಂದು ಕೈ ಮುಗಿದುಬಿಟ್ಟರಂತೆ.

"ಚೌಕದಲ್ಲಿ ಕೂರಿಸಿದ್ರೆ ನಾಳೆ ನಾನೂ ಮೇಲಿನವರನ್ನ ಕೇಳಿ ಬಾಯಿ ಬಿಡಬೇಕಾಗುತ್ತೆ," ಎಂದು ನಗುತ್ತಾರೆ. ನಗು ನಿಂತ ಮೇಲೆ ಮಂಡಿ ನೀವಿಕೊಳ್ಳುತ್ತಾ, "ಆ ಫಲಕದ ಮೇಲೆ ವಹ್ದಾನ್ ಹೆಸರು ಬರೆಸಿಬಿಟ್ರೆ ಸಾಕು. ನಾಲ್ಕು ಮಹಡಿ ಹತ್ತಿ ನಾನೇ ಅದನ್ನ ತೊಟ್ಟಿ ಹತ್ರ ಹೊತ್ತು ತರ್ತೀನಿ," ಎನ್ನುತ್ತಾರೆ.